ನೋವು ಮಂಡಿಯಲ್ಲಿ, ತೊಂದರೆ ಸೊಂಟದಲ್ಲಿ

ಪ್ರಶ್ನೆ: ಮಗನಿಗೆ 12 ವರ್ಷ, ತೂಕ 68 ಕೆಜಿ. ಎರಡು ತಿಂಗಳು ಎಡ ಮಂಡಿ ನೋವೆಂದು ಕುಂಟುತ್ತಿದ್ದ. ಮಂಡಿಯ ಎಕ್ಸ್-ರೇ ಸರಿಯಿತ್ತು, ಮುಲಾಮು ಹಚ್ಚುತ್ತಿದ್ದೆವು. ಆಮೇಲೆ ಬೇರೊಬ್ಬ ಡಾಕ್ಟರು ಸೊಂಟದ ಎಕ್ಸ್-ರೇ ನೋಡಿ, ಮೂಳೆಯ ತಲೆ ಜಾರಿದೆ ಎಂದು ಅವತ್ತೇ ಅಡ್ಮಿಟ್ ಮಾಡಿಸಿ ಮಾರನೇ ದಿನ ಸ್ಕ್ರೂ ಹಾಕಿದರು. ಅಷ್ಟು ಅವಸರ ಬೇಕಿತ್ತೇ? ಜಾರಿದ್ದನ್ನು ಸರಿಗೂರಿಸದೆ ಬಿಟ್ಟಿದ್ದೇಕೆ? ಕಾಲು ಗಿಡ್ಡವಾಗುವುದೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಬೇಕೇ ಇತ್ತಮ್ಮ. ತೊಡೆಮೂಳೆಯ ಗುಂಡುತಲೆಗೂ ಅದರ ಕತ್ತಿಗೂ ನಡುವೆ ಗ್ರೋತ್ ಪ್ಲೇಟ್ ಎಂಬ ಮೆದುಮೂಳೆಯ ಪದರವಿದೆ, ಮೂಳೆ ಉದ್ದ ಬೆಳೆಯುವುದು ಇಲ್ಲಿಂದ. 10ರಿಂದ 16ರ ವಯಸ್ಸಿನಲ್ಲಿ, ಮೈತೂಕ ಹೆಚ್ಚಿದ್ದರಂತೂ, ಅದು ಭಾರ ತಾಳದೆ ಸಡಿಲವಾಗುತ್ತದೆ. ತಲೆ ಗುಳಿಯಲ್ಲೇ ಉಳಿದು ಕತ್ತು ಮುಂದಕ್ಕೆ ಸರಿಯುತ್ತದೆ. ಸೊಂಟಕ್ಕೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಮಗು ಮಂಡಿಯನ್ನೇ ತೋರಿಸುತ್ತದೆ. ಪಾದ ಹೊರಕ್ಕೆ ತಿರುಗಿಸಿ ಕುಂಟುವ ಮಗುವಿಗೆ ಸೊಂಟದ ಎಕ್ಸ್-ರೇ ತೆಗೆಸಲೇಬೇಕು.

ನಡೆಯಲಾಗುವ ಹಂತದಲ್ಲೇ ಸ್ಕ್ರೂ ಬಿದ್ದರೆ ತಲೆಯ ರಕ್ತ ಸಂಚಾರ ಕೆಡುವುದು ಅಪರೂಪ. ಮೆಟ್ಟಿಲಲ್ಲಿ ಎಡವಿ ಪೂರ್ತಿ ಜಾರಿತೋ, ಊರುಗೋಲು ಹಿಡಿದರೂ ಕಾಲೂರಲಾಗದು. ಆಗ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ರಕ್ತ ನಿಂತು ಮೂಳೆ ಸಾಯುತ್ತದೆ. ಒತ್ತಿ ಎಳೆದು ಸರಿಗೂರಿಸದಿರುವುದೂ ಇದಕ್ಕೇ: ಆ ರಕ್ತನಾಳಗಳು ಕತ್ತಿನ ಹಿಂಬದಿಯಲ್ಲೇ ಇವೆ. ಜಾರಿಕೆ ತೀರಾ ಹೆಚ್ಚಿದ್ದರೆ ಕೀಲು ತೆರೆದು ಕೂರಿಸುವ ದೊಡ್ಡ ಶಸ್ತ್ರಕ್ರಿಯೆ ಉಂಟು. ಅದು ನುರಿತ ಕೈಗಳ ಕೆಲಸ.

ಸಾಮಾನ್ಯವಾಗಿ ಹಾಕುವುದು 6.5 ಅಥವಾ 7.3 ಮಿಮೀ ದಪ್ಪದ, ನಡುವೆ ತೂತಿರುವ ಒಂದೇ ಸ್ಕ್ರೂ. ಮೊದಲು ತೆಳುವಾದ ತಂತಿಯನ್ನು ಕತ್ತಿನ ಮುಂಬದಿಯಿಂದ ತಲೆಯ ನಟ್ಟನಡುವಿಗೆ ಕೂರಿಸಿ, ಅದರ ಮೇಲೆ ಸ್ಕ್ರೂ ತಿರುಗಿಸುತ್ತಾರೆ. ಸ್ಕ್ರೂವಿನ ಕನಿಷ್ಠ 5 ಥ್ರೆಡ್ (ಸುತ್ತು) ಗ್ರೋತ್ ಪ್ಲೇಟ್ ದಾಟಿ ತಲೆಯೊಳಗೆ ಹೋಗಿರಬೇಕು, ಕಡಿಮೆಯಾದರೆ ಮತ್ತೆ ಜಾರಬಹುದು. ತುದಿ ಕೀಲಿನ ಅಂಚಿಗಿಂತ 5 ಮಿಮೀ ಒಳಗೇ ನಿಲ್ಲಬೇಕು. ಹೊರಚಾಚಿದರೆ ಮೆದುಮೂಳೆ ಸವೆದು ಕೀಲು ಬಿಗಿಯುತ್ತದೆ. ಒಂದೇ ಕೋನದಿಂದ ನೋಡಿದರೆ ಹೊರಬಂದ ತುದಿಯೂ ಒಳಗಿರುವಂತೆ ಕಾಣುತ್ತದೆ. ಹಾಗಾಗಿ ಕಾಲು ತಿರುಗಿಸುತ್ತಾ ಸಿ-ಆರ್ಮ್‌ನಲ್ಲಿ (ಶಸ್ತ್ರಕ್ರಿಯೆ ನಡೆಯುವಾಗಲೇ ಪರದೆಯಲ್ಲಿ ತೋರಿಸುವ ಎಕ್ಸ್-ರೇ ಯಂತ್ರ) ನೋಡುತ್ತಾರೆ. ಶಸ್ತ್ರಕ್ರಿಯೆಯ ನಂತರದ ಎರಡು ಕೋನದ ಎಕ್ಸ್-ರೇ ತೋರಿಸಿ ಎಂದು ನೀವು ಧಾರಾಳವಾಗಿ ಕೇಳಬಹುದು.

ಸ್ಕ್ರೂ ಬಿದ್ದ ಮೇಲೆ ಆ ಪ್ಲೇಟಿನ ಬೆಳವಣಿಗೆ ನಿಲ್ಲುತ್ತದೆ, ಆದರೂ ಕಾಲುದ್ದದ ಚಿಂತೆ ಬೇಡ. ತೊಡೆಮೂಳೆಯ ಬೆಳವಣಿಗೆಯಲ್ಲಿ ಸುಮಾರು 70% ಮಂಡಿ ಕಡೆಯದು. ಸೊಂಟದ ಪ್ಲೇಟಿನ ಪಾಲು ವರ್ಷಕ್ಕೆ 4 ಮಿಮೀ ಇದ್ದೀತು. ಬೆಳೆಯಲು ಇನ್ನೂ 4 ವರ್ಷವಿದ್ದರೂ ತಪ್ಪುವುದು ಸುಮಾರು ಒಂದೂವರೆ ಸೆಂಟಿಮೀಟರ್. ಅಗತ್ಯವಾದರೆ ಶೂ ಒಳಗೆ ಹಿಮ್ಮಡಿ ಪ್ಯಾಡ್ ಸಾಕು.

ಚಿಂತಿಸಬೇಕಾದ್ದು ಬಲಗಾಲಿನದು. ಎರಡನೇ ಸೊಂಟವೂ ಜಾರುವ ಮಕ್ಕಳು ಕಡಿಮೆಯಿಲ್ಲ, ಹೆಚ್ಚಾಗಿ ಮೊದಲ 18 ತಿಂಗಳಲ್ಲಿ. ಗ್ರೋತ್ ಪ್ಲೇಟ್ ಗಟ್ಟಿಮೂಳೆಯಾಗಿ ಮುಚ್ಚುವವರೆಗೆ 3–4 ತಿಂಗಳಿಗೊಮ್ಮೆ ಎರಡೂ ಸೊಂಟದ ಎಕ್ಸ್-ರೇ ಮಾಡಿಸಿ. ಬಲ ತೊಡೆಸಂದಿ, ತೊಡೆ, ಮಂಡಿ ಎಲ್ಲೇ ನೋವೆಂದರೂ ಅವತ್ತೇ ತೋರಿಸಿ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಲಿ. ಹಾರ್ಮೋನ್ ತೊಂದರೆಯಿದ್ದರೆ ಎರಡನೇ ಸೊಂಟಕ್ಕೆ ಮುಂಚೆಯೇ ಸ್ಕ್ರೂ ಹಾಕುವುದುಂಟು. ಊರುಗೋಲು ಸಾಮಾನ್ಯವಾಗಿ 6 ವಾರ. ನೆಲದಲ್ಲಿ ಚಕ್ಕಳಮಕ್ಕಳ, ಕುಕ್ಕರಗಾಲಲ್ಲಿ ಕೂರುವ ಶೌಚ, ಕಬಡ್ಡಿ ಇವೆಲ್ಲ ಸರ್ಜನ್ ಹೇಳಿದ ಮೇಲೆಯೇ.

ಪ್ರಶ್ನೆ: ಇಂಥದೇ ಸ್ಕ್ರೂವನ್ನು ಆಮೇಲೆ ತೆಗೆಸಬೇಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ತೊಂದರೆ ಕೊಡದಿದ್ದರೆ ಬೇಡ. ಸುತ್ತ ಮೂಳೆ ಬೆಳೆದಿರುತ್ತದೆ, ತೆಗೆಯುವಾಗ ಸ್ಕ್ರೂ ತುಂಡಾಗಬಹುದು, ಖಾಲಿಯಾದ ತೂತಿನ ಜಾಗದಲ್ಲಿ ಮೂಳೆ ಮುರಿದೀತು.