ಪ್ರತಿಕ್ರಿಯೆ: ಉತ್ತರ ಕೊಟ್ಟ ನಾಯಕರೂ ಇದ್ದಾರೆ

‘ಹೊರದೇಶದ ನಾಯಕರಾದರೂ ಜಾಲತಾಣದಲ್ಲಿ ಜನರ ಪ್ರಶ್ನೆಗೆ ಉತ್ತರಿಸುತ್ತಾರೆಯೇ?’ ಎಂದು ತಾವು ಕೇಳಿದ್ದೀರಿ. ಉತ್ತರಿಸಿದವರಿದ್ದಾರೆ. 2020ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ಲಾಕ್‌ಡೌನ್‌ಗೆ ಸಜ್ಜಾಗುತ್ತಿದ್ದಾಗ ಪ್ರಧಾನಿ ಜಸಿಂಡಾ ಆರ್ಡರ್ನ್, ಮಗಳನ್ನು ಮಲಗಿಸಿ, ಮನೆಯುಡುಪಿನಲ್ಲೇ ಫೇಸ್‌ಬುಕ್ ಲೈವ್‌ಗೆ ಬಂದು, ಜನರು ಬರೆದು ಕಳಿಸುತ್ತಿದ್ದ ಪ್ರಶ್ನೆಗಳನ್ನು ಓದಿ ಉತ್ತರಿಸಿದರು. ಎಲ್ ಸಾಲ್ವಡಾರ್‌ನ ಅಧ್ಯಕ್ಷ ನಯೀಬ್ ಬುಕೆಲೆ ಅವರಾದರೋ 2019ರಲ್ಲಿ ಅಧಿಕಾರಿಗಳ ವಜಾ ಆದೇಶವನ್ನೇ ಟ್ವಿಟರ್‌ನಲ್ಲಿ ಹೊರಡಿಸಿದರು. ಅದನ್ನು ನಾನು ಸಂವಾದವೆನ್ನಲಾರೆ, ಅದು ಡಂಗುರ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಹೊರನಾಡಿನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರ ಮೊರೆಗೆ ಟ್ವಿಟರ್‌ನಲ್ಲೇ ಓಗೊಡುತ್ತಿದ್ದರು. ದಾವಣಗೆರೆಯ ನಮ್ಮ ಬಡಾವಣೆಗೆ ಬೇಸಿಗೆಯಲ್ಲಿ ಒಂಬತ್ತು ದಿನ ನೀರು ಬಾರದಿದ್ದಾಗ, ಜನಪ್ರತಿನಿಧಿಯೊಬ್ಬರ ಹುಟ್ಟುಹಬ್ಬದ ಚಿತ್ರದ ಕೆಳಗೆ ನಲ್ಲಿಯ ಮುಂದೆ ಸಾಲಾಗಿಟ್ಟ ಖಾಲಿ ಕೊಡಗಳ ಫೋಟೊ ಹಾಕಿ ವಿನಯದಿಂದಲೇ ಕೇಳಿದ್ದೆ. ಸಂಜೆಯೊಳಗೆ ಅದನ್ನು ಅಳಿಸಿ ಹಾಕಿದ್ದರು.