ಗೆಳೆಯರ ಜಾಲದ ನಕ್ಷೆ: ಚುಕ್ಕೆ ನೋಡಬೇಕೋ, ಗೆರೆ ನೋಡಬೇಕೋ?

ಪ್ರಶ್ನೆ: ನನ್ನ ಆನ್‌ಲೈನ್ ಗೆಳೆಯರ ಪಟ್ಟಿಯನ್ನು ಗೆಫಿ ಎಂಬ, ಜಾಲದ ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಹಾಕಿ ನಕ್ಷೆ ಮಾಡಿದೆ. ಮತ್ತೆ ಹೊಸದಾಗಿ ಮಾಡಿದಾಗ ಮೇಲಿದ್ದ ಗುಂಪು ಕೆಳಗೆ ಹೋಗಿ ಕೂತಿದೆ. ಮಾಹಿತಿ ಅದೇ. ಯಾವ ಚಿತ್ರ ಸರಿ?

ಉತ್ತರ: ಎರಡೂ ಸರಿ. ಇಲ್ಲಿ ಒಂದು ಚುಕ್ಕೆ ಎಂದರೆ ಒಬ್ಬ ವ್ಯಕ್ತಿ, ಗೆರೆ ಎಂದರೆ ಇಬ್ಬರ ನಡುವಿನ ಗೆಳೆತನ. ಈ ನಕ್ಷೆಗಳಲ್ಲಿ ಮೇಲೆ–ಕೆಳಗೆ, ಎಡ–ಬಲ ಎನ್ನುವುದಕ್ಕೆ ಅರ್ಥವೇ ಇಲ್ಲ. ಫೋರ್ಸ್‌ಅಟ್ಲಾಸ್ 2ರಂಥ ವಿಧಾನ ಎಲ್ಲ ಚುಕ್ಕೆಗಳನ್ನೂ ಒಂದರಿಂದೊಂದು ದೂರ ತಳ್ಳುತ್ತದೆ, ನಡುವೆ ಗೆರೆ ಇರುವ ಜೋಡಿಗಳನ್ನು ಮಾತ್ರ ಹತ್ತಿರಕ್ಕೆ ಎಳೆಯುತ್ತದೆ. ತಳ್ಳಾಟ, ಎಳೆದಾಟ ಸಮವಾದ ಕಡೆ ಚುಕ್ಕೆಗಳು ನಿಲ್ಲುತ್ತವೆ. ಶುರುವಿನ ಜಾಗಗಳು ಮನಬಂದಂತೆ ಹಂಚಿಕೆಯಾಗಿರುವುದರಿಂದ ಚಿತ್ರ ಪ್ರತಿ ಸಲ ತಿರುಗಬಹುದು, ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳಲೂಬಹುದು. ಗಮನಿಸಬೇಕಾದದ್ದು, ಪ್ರತಿ ಸಲವೂ ಯಾರು ಯಾರ ಜೊತೆಗೇ ಉಳಿಯುತ್ತಾರೆ ಎಂಬುದನ್ನು. ಅಕ್ಕಪಕ್ಕ ಕೂತ ಮಾತ್ರಕ್ಕೆ ಇಬ್ಬರೂ ಗೆಳೆಯರೆಂದು ತಿಳಿಯಬೇಡಿ; ಚುಕ್ಕೆಯ ಮೇಲೆ ಮೌಸ್ ಇಟ್ಟು, ಗೆರೆ ಎಲ್ಲಿಗೆ ಹೋಗಿದೆ ನೋಡಿ.

ಪ್ರಶ್ನೆ: ನನ್ನ ನಕ್ಷೆ ಸಿಕ್ಕುಬಿದ್ದ ನೂಲಿನುಂಡೆಯಂತಿದೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಚುಕ್ಕೆಯನ್ನೇ ತೆಗೆಯಿರಿ. ಪಟ್ಟಿ ನಿಮ್ಮದು, ಅಂದ ಮೇಲೆ ಎಲ್ಲರಿಗೂ ನಿಮ್ಮಿಂದ ಗೆರೆ ಇದ್ದೇ ಇರುತ್ತದೆ. ಅದರಿಂದ ಹೊಸದೇನೂ ತಿಳಿಯುವುದಿಲ್ಲ, ಸಾಲದ್ದಕ್ಕೆ ಸಂಬಂಧವಿಲ್ಲದ ಗುಂಪುಗಳನ್ನೆಲ್ಲ ಅದು ನಡುವಿಗೆ ಎಳೆದು ಕಲಸಿಬಿಡುತ್ತದೆ. ಗೆಫಿಯ ಡೇಟಾ ಲ್ಯಾಬೊರೇಟರಿಯಲ್ಲಿ, ಅಂದರೆ ಮಾಹಿತಿಯ ಕೋಷ್ಟಕದಲ್ಲಿ, ನಿಮ್ಮ ಸಾಲನ್ನು ಅಳಿಸಿದರೆ ಸಾಕು.

ಆಮೇಲೆ ಫಿಲ್ಟರ್‌ನಲ್ಲಿ ಡಿಗ್ರಿ ರೇಂಜ್ 2ರಿಂದ ಮೇಲಕ್ಕೆ ಇಡಿ (ಡಿಗ್ರಿ ಎಂದರೆ ಒಂದು ಚುಕ್ಕೆಗಿರುವ ಗೆರೆಗಳ ಸಂಖ್ಯೆ). ಒಂಟಿ ಚುಕ್ಕೆಗಳೂ ಒಂದೇ ಗೆರೆಯವೂ ಮರೆಯಾಗುತ್ತವೆ. ಫೋರ್ಸ್‌ಅಟ್ಲಾಸ್ 2 ಓಡಿಸಿ, ಅಲುಗಾಟ ತಗ್ಗಿದ ಮೇಲೆ ಲಿನ್‌ಲಾಗ್ ಆಯ್ಕೆ ಹಾಕಿದರೆ ಗುಂಪುಗಳು ಬಿಗಿಯಾಗುತ್ತವೆ. ಚಿತ್ರ ತೀರಾ ಕುಗ್ಗಿತೋ ಹರಡಿತೋ, ಸ್ಕೇಲಿಂಗ್ ಬದಲಿಸಿ. ಚುಕ್ಕೆಗಳು ಒಂದರ ಮೇಲೊಂದು ಬೀಳದಂತೆ ತಡೆಯುವ ಆಯ್ಕೆಯನ್ನು ಮಾತ್ರ ಕಟ್ಟಕಡೆಗೆ ಹಾಕಿ. ಶುರುವಿನಲ್ಲೇ ಹಾಕಿದರೆ ಚುಕ್ಕೆಗಳು ಒಂದನ್ನೊಂದು ದಾಟಲಾರದೆ ತಪ್ಪು ಜಾಗದಲ್ಲೇ ಸಿಕ್ಕಿಕೊಳ್ಳುತ್ತವೆ.

ಇಷ್ಟಾದರೂ ಉಂಡೆ ಬಿಚ್ಚದಿದ್ದರೆ ಸಾಂದ್ರತೆ ಲೆಕ್ಕ ಹಾಕಿ. ನಿಮ್ಮನ್ನು ಬಿಟ್ಟು 200 ಜನರಿದ್ದರೆ ಸಾಧ್ಯವಿರುವ ಜೋಡಿಗಳು 19,900. ಅದರಲ್ಲಿ 1,990 ಗೆರೆಗಳಿದ್ದರೆ ಸಾಂದ್ರತೆ 0.10. ಈ ಅಂಕಿ 0.5 ದಾಟಿದರೆ ಬಹುಪಾಲು ಜನ ಒಂದೇ ಬಳಗದವರು ಇರಬಹುದು. ಆಗ ಬಿಡಿಸಲು ಉಂಡೆಯೊಳಗೆ ಹೆಚ್ಚೇನೂ ಇರುವುದಿಲ್ಲ.

ಪ್ರಶ್ನೆ: ನಿನ್ನೆ 5 ಬಣ್ಣದ ಗುಂಪು ಬಂದವು, ಇವತ್ತು 7. ತಂತ್ರಾಂಶ ಕೆಟ್ಟಿದೆಯೇ?

ಉತ್ತರ: ಇಲ್ಲ. ಬಣ್ಣಕ್ಕೆ ಆಧಾರ ಮಾಡ್ಯುಲಾರಿಟಿ ಲೆಕ್ಕ, ಅಂದರೆ ಒಳಗೆ ಗೆರೆ ದಟ್ಟ, ಹೊರಕ್ಕೆ ವಿರಳ ಇರುವ ಗುಂಪುಗಳಾಗಿ ಜಾಲ ಎಷ್ಟು ಚೆನ್ನಾಗಿ ಒಡೆಯುತ್ತದೆ ಎಂಬ ಅಳತೆ. ಅದರ ಹಿಂದಿರುವುದು 2008ರಲ್ಲಿ ಪ್ರಕಟವಾದ ಲೂವೆನ್ ವಿಧಾನ. ಅದು ಚುಕ್ಕೆಗಳನ್ನು ಯಾವ ಸರದಿಯಲ್ಲಿ ಎತ್ತಿಕೊಳ್ಳುತ್ತದೆ ಎಂಬುದರ ಮೇಲೆ ಫಲಿತಾಂಶ ಅಷ್ಟಿಷ್ಟು ಬದಲಾಗುತ್ತದೆ. ಗುಂಪಿನ ಕ್ರಮಸಂಖ್ಯೆಯೂ ಬದಲಾಗುವುದರಿಂದ ನಿನ್ನೆಯ ಹಸಿರು ಇವತ್ತು ನೇರಳೆಯಾದರೆ ಗಾಬರಿ ಬೇಡ. ರೆಸಲ್ಯೂಶನ್ 1.0ಕ್ಕಿಂತ ತಗ್ಗಿಸಿದರೆ ಸಣ್ಣ ಗುಂಪುಗಳು ಹೆಚ್ಚು, ಏರಿಸಿದರೆ ದೊಡ್ಡವು ಕಡಿಮೆ. ನಾಲ್ಕಾರು ಸಲ ಓಡಿಸಿ ನೋಡಿ: ಬಣ್ಣ ಬದಲಿಸುತ್ತಲೇ ಇರುವವರು ಎರಡು ಬಳಗಗಳ ಗಡಿಯಲ್ಲಿರುವವರು. ನಮ್ಮ ಮಟ್ಟಿಗೆ ಗುಂಪಿನ ಸಂಖ್ಯೆಗಿಂತ ಅವರೇ ಹೆಚ್ಚು ಸ್ವಾರಸ್ಯ. ಮಾಡ್ಯುಲಾರಿಟಿ ಅಂಕಿ ದೊಡ್ಡದಾಗಿ ಬಂತೆಂದು ಹಿಗ್ಗಬೇಡಿ. ಗೊತ್ತುಗುರಿಯಿಲ್ಲದೆ ಗೆರೆ ಎಳೆದ ವಿರಳ ಜಾಲದಲ್ಲೂ ಅದು ದೊಡ್ಡದಾಗಿಯೇ ಬರಬಹುದು.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಚುಕ್ಕೆ ಇರುವವರೇ ಹೆಚ್ಚು ಪ್ರಭಾವಿಗಳೇ?

ಉತ್ತರ: ಗಾತ್ರವನ್ನು ಯಾವ ಅಳತೆಗೆ ಕಟ್ಟಿದ್ದೀರಿ? ಡಿಗ್ರಿಗೆ ಕಟ್ಟಿದ್ದರೆ ದೊಡ್ಡ ಚುಕ್ಕೆ ಎಂದರೆ ಹೆಚ್ಚು ಗೆರೆ, ಅಷ್ಟೇ. ದೊಡ್ಡ ಕಾಲೇಜು ಬಳಗದವರೆಲ್ಲ ಹೀಗೆ ಉಬ್ಬಿ ಕಾಣುತ್ತಾರೆ. ಬಿಟ್ವೀನ್‌ನೆಸ್‌ಗೆ, ಅಂದರೆ ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳು ಎಷ್ಟು ಸಲ ಒಬ್ಬರ ಮೂಲಕ ಹಾಯುತ್ತವೆ ಎಂಬ ಅಳತೆಗೆ, ಕಟ್ಟಿದರೆ ಚಿತ್ರವೇ ಬೇರೆ: ಹತ್ತೇ ಗೆರೆಗಳಿದ್ದರೂ ಕಾಲೇಜು ಬಳಗಕ್ಕೂ ಕಚೇರಿ ಬಳಗಕ್ಕೂ ಏಕೈಕ ಕೊಂಡಿಯಾಗಿರುವವರು ಮುಂದೆ ಬರುತ್ತಾರೆ. ಎರಡನ್ನೂ ಮಾಡಿ ಹೋಲಿಸಿ.

ಆದರೆ ಈ ನಕ್ಷೆ ತೋರಿಸುವುದು ನಿಮ್ಮ ಪಟ್ಟಿಯೊಳಗಿನವರನ್ನು ಮಾತ್ರ. ಆ ಎರಡೂ ಬಳಗಗಳಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಹತ್ತು ಜನ ಹೊರಗಿರಬಹುದು. ಗೆಳೆಯರ ಪಟ್ಟಿ ಮುಚ್ಚಿಟ್ಟವರ ಗೆರೆಗಳೂ ಬಿಟ್ಟುಹೋಗಿರುತ್ತವೆ. ಫೇಸ್‌ಬುಕ್ಕಂತೂ 2015ರ ಏಪ್ರಿಲ್ ಕೊನೆಯಿಂದ ಹೊರಗಿನ ಆ್ಯಪ್‌ಗಳಿಗೆ ಪೂರ್ತಿ ಪಟ್ಟಿ ಕೊಡುವುದನ್ನೇ ನಿಲ್ಲಿಸಿ, ಅದೇ ಆ್ಯಪ್ ಬಳಸುವ ಗೆಳೆಯರನ್ನಷ್ಟೇ ತೋರಿಸುತ್ತದೆ. ಹಾಗಾಗಿ ಗೆರೆ ಇಲ್ಲವೆಂದರೆ ಪರಿಚಯ ಇಲ್ಲವೆಂದು ಬರೆದುಕೊಳ್ಳಬೇಡಿ.