ಮೊಲ ಮರಿ ಹಾಕಿದೆ, ಆದರೆ ಮರಿಗಳ ಹತ್ತಿರವೇ ಹೋಗುತ್ತಿಲ್ಲ. ಏನು ಮಾಡಲಿ?

ಮೂರು ದಿನದ ಹಿಂದೆ ಐದು ಮರಿ ಹಾಕಿದ ಮೊಲ ಹಗಲಿಡೀ ಅವುಗಳ ಕಡೆ ತಿರುಗಿಯೂ ನೋಡುತ್ತಿಲ್ಲ, ಹಸುವಿನ ಹಾಲು ಕುಡಿಸಲೇ ಅಂತ ಕೇಳಿದ್ದೀರಿ. ಗಂಡು ಮೊಲವೂ ಅದೇ ಪಂಜರದಲ್ಲಿದೆ ಅಂತ ಕೊನೆಗೊಂದು ಸಾಲು ಸೇರಿಸಿದ್ದೀರಲ್ಲ, ಮೊದಲು ಎದ್ದು ಹೋಗಿ ಅದನ್ನು ಬೇರೆ ಕಡೆ ಬಿಟ್ಟು ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಾಲು ಈಗಲೇ ಕುಡಿಸಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಮರಿಗಳ ಹೊಟ್ಟೆ ನೋಡಿ. ಹೊಟ್ಟೆ ಉಬ್ಬಿ, ಚರ್ಮ ಬಿಗಿಯಾಗಿ, ಮರಿಗಳು ಒಂದರ ಮೇಲೊಂದು ಬಿದ್ದು ಬೆಚ್ಚಗೆ ಮಲಗಿದ್ದರೆ ರಾತ್ರಿ ನೀವು ಮಲಗಿದ್ದಾಗ ತಾಯಿ ಬಂದು ಹೋಗಿದೆ ಅಂತಲೇ ಅರ್ಥ. ಮೊಲ ಬೆಕ್ಕು-ನಾಯಿಯ ಹಾಗೆ ಮರಿಗಳನ್ನು ಅಪ್ಪಿಕೊಂಡು ಮಲಗುವ ಪ್ರಾಣಿಯಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಮೂರು-ನಾಲ್ಕು ನಿಮಿಷ ಹಾಲೂಡಿಸಿ ದೂರ ಹೋಗಿಬಿಡುತ್ತದೆ. ತಾನು ಗೂಡಿನ ಹತ್ತಿರವೇ ಸುಳಿದಾಡುತ್ತಿದ್ದರೆ ಬೇಟೆಯಾಡುವ ಪ್ರಾಣಿಗೆ ಮರಿಗಳ ಜಾಗ ತೋರಿಸಿಕೊಟ್ಟ ಹಾಗೆ. ಪಂಜರದೊಳಗೆ ನರಿ ಬರೋದಿಲ್ಲ ಅಂತ ಅದಕ್ಕೆ ಹೇಳುವವರು ಯಾರು?

ನಾನೂ ಇದೇ ತಪ್ಪು ಮಾಡಿದವನು. ತುಮಕೂರಿನ ಬಾಡಿಗೆ ಮನೆಯ ತಾರಸಿಯಲ್ಲಿ ಸಾಕಿದ ಮೊಲದ ಮೊದಲ ಹೆರಿಗೆ. ಅಯ್ಯೋ ಉಪವಾಸ ಬಿದ್ದಿವೆ ಅಂತ ಇಂಕ್ ಫಿಲ್ಲರಿನಲ್ಲಿ ಹಸುವಿನ ಹಾಲು ಬಿಟ್ಟೆ. ಎರಡು ಮರಿಗಳಿಗೆ ಹಾಲು ಮೂಗಿನಲ್ಲಿ ಬಂತು, ಸಂಜೆಯೊಳಗೆ ಎರಡೂ ಹೋದವು. ಮಾರನೇ ದಿನ ಬೆಳಗಿನ ಜಾವ ನಲ್ಲಿ ನೀರು ಹಿಡಿಯಲು ಎದ್ದಾಗ ನೋಡುತ್ತೇನೆ, ತಾಯಿ ಗೂಡಿನ ಡಬ್ಬದೊಳಗೆ ನಿಂತಿದೆ, ಉಳಿದ ಮರಿಗಳು ಅಂಗಾತ ಮಲಗಿ ಅದರ ಹೊಟ್ಟೆಗೆ ಬಾಯಿ ಹಾಕಿವೆ. ಒಂದು ಕೊಡ ತುಂಬುವಷ್ಟರಲ್ಲಿ ಮುಗಿಯಿತು. ಹೊರಗೆ ಹಾರಿ ಏನೂ ಆಗದವರ ಹಾಗೆ ಗರಿಕೆ ಮೇಯುತ್ತಾ ಕೂತಿತು. ಮೊಲದ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು, ಅದಕ್ಕೇ ಅಷ್ಟು ಹೊತ್ತು ಸಾಕು.

ಹೊಟ್ಟೆ ಒಳಕ್ಕೆ ಹೋಗಿ, ಚರ್ಮ ಸುಕ್ಕುಗಟ್ಟಿ, ಮುಟ್ಟಿದರೆ ತಣ್ಣಗಿದ್ದರೆ ಮಾತ್ರ ನೀವು ಕೈ ಹಾಕಬೇಕು. ಆಗಲೂ ಹಾಲಿಗಿಂತ ಮೊದಲು ಶಾಖ. ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಇಲ್ಲವೇ ಅಂಗೈಯಲ್ಲೇ ಹಿಡಿದುಕೊಂಡಿರಿ. ಮೈ ಬಿಸಿಯಾದ ಮೇಲೆ ತಾಯಿಯನ್ನು ಡಬ್ಬದೊಳಗೆ ನಿಲ್ಲಿಸಿ, ಬೆನ್ನ ಮೇಲೆ ಕೈಯಿಟ್ಟು ಐದು ನಿಮಿಷ ಸಮಾಧಾನವಾಗಿ ಹಿಡಿದುಕೊಳ್ಳಿ. ಮರಿಗಳು ವಾಸನೆ ಹಿಡಿದು ತಾವೇ ಕುಡಿಯುತ್ತವೆ. ಜೊತೆಗೆ ತಾಯಿಯ ಮೊಲೆಗಳನ್ನೂ ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿ, ಕೆಂಪು ಇಲ್ಲವೇ ನೀಲಿ ತಿರುಗಿದ್ದರೆ ಕೆಚ್ಚಲು ಬಾವು, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಅರೆದು ಬಾಯಿಗೆ ಹಾಕುವ ಸಾಹಸ ಖಂಡಿತ ಬೇಡ, ಮೊಲದ ಕರುಳಿಗೆ ಅದು ವಿಷ.

ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಕೈಗೆ ಗೂಡಿನದೇ ಹುಲ್ಲು ಉಜ್ಜಿಕೊಂಡು ದಿನಕ್ಕೊಂದು ಸಲ ಎಣಿಸಿ ನೋಡಿ, ಸತ್ತ ಮರಿ ಇದ್ದರೆ ತೆಗೆಯಿರಿ. ಮರಿ ಡಬ್ಬದ ಹೊರಗೆ ಬಿದ್ದಿದ್ದರೆ ನೀವೇ ಒಳಗಿಡಬೇಕು. ಮೊಲೆ ಕಚ್ಚಿಕೊಂಡೇ ತಾಯಿಯ ಜೊತೆ ಹೊರಗೆ ಬಂದಿರುತ್ತದೆ, ಬೆಕ್ಕಿನ ಹಾಗೆ ಕಚ್ಚಿ ಎತ್ತಿಕೊಂಡು ಹೋಗುವುದು ಮೊಲಕ್ಕೆ ಗೊತ್ತಿಲ್ಲ.

ನಮ್ಮಜ್ಜ ಮಾತ್ರ "ಮೊಲದ ಮರಿ ಹುಟ್ಟಿದ ದಿನವೇ ಕಣ್ಣು ಬಿಡುತ್ತೆ ಕಣೋ, ನಿನ್ನದರಲ್ಲಿ ಏನೋ ದೋಷ" ಅಂತ ಹೆದರಿಸಿದ್ದರು. ಅವರು ನೋಡಿದ್ದು ಹೊಲದಂಚಿನ ಕಾಡುಮೊಲ. ಅದರ ಮರಿ ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ನಾವು ಸಾಕುವುದು ಯುರೋಪಿನ ಬಿಲಮೊಲದ ವಂಶ. ಮರಿ ಬರಿಮೈಯಲ್ಲಿ ಹುಟ್ಟುತ್ತದೆ, ವಾರದಲ್ಲಿ ಕೂದಲು, ಹತ್ತು-ಹನ್ನೆರಡು ದಿನಕ್ಕೆ ಕಣ್ಣು.

ಅದಕ್ಕೇ ಗೂಡು ಮುಖ್ಯ. ತಾಯಿ ತನ್ನ ಹೊಟ್ಟೆಯಿಂದ ಕಿತ್ತು ಹಾಸಿದ ಕೂದಲನ್ನು ಗಲೀಜು ಅಂತ ಗುಡಿಸಿ ಎಸೆಯಬೇಡಿ, ಮರಿಗಳಿಗೆ ಅದೇ ಕಂಬಳಿ. ಕೆಳಗೆ ಒಣಗಿದ ರಾಗಿ ಹುಲ್ಲೋ ಭತ್ತದ ಹುಲ್ಲೋ ಸಾಕು. ಹತ್ತಿ, ಹಳೆ ಸೀರೆಯ ಚೂರು ಬೇಡ, ನೂಲು ಕಾಲಿಗೆ ಸುತ್ತಿಕೊಳ್ಳುತ್ತದೆ. ಇನ್ನು ನಮ್ಮ ಕಡೆ ದೊಡ್ಡ ಶತ್ರು ಇರುವೆ. ಪಂಜರದ ನಾಲ್ಕು ಕಾಲಿಗೂ ನೀರಿನ ಬಟ್ಟಲಿಡಿ, ಹಿಂದೆ ಅಡುಗೆಮನೆಯ ಜಾಲರಿ ಬೀರುವಿಗೆ ಇಡುತ್ತಿದ್ದರಲ್ಲ, ಹಾಗೆ. ತಾಯಿಗೆ ನೀರು ಯಾವಾಗಲೂ ಇರಲಿ. ನೀರು ಕಡಿಮೆಯಾದರೆ ಹಾಲೂ ಕಡಿಮೆ.

ಈಗ ಗಂಡಿನ ವಿಷಯ. ಹೆಣ್ಣು ಮೊಲ ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ನಿಮ್ಮಲ್ಲಿ ಆಗಲೇ ಮೂರು ದಿನ ಒಟ್ಟಿಗಿದ್ದವು ಅಂದಮೇಲೆ ಆಗಿರಬಹುದು ಅಂತಲೇ ಇಟ್ಟುಕೊಳ್ಳಿ. ಗಬ್ಬದ ಅವಧಿ ಸುಮಾರು 31 ದಿನ. ಕ್ಯಾಲೆಂಡರಿನಲ್ಲಿ ಮರಿ ಹಾಕಿದ ದಿನದಿಂದ ಎಣಿಸಿ 28ನೇ ದಿನಕ್ಕೆ ಗುರುತು ಹಾಕಿ, ಅಷ್ಟರಲ್ಲಿ ಈ ಮರಿಗಳನ್ನು ಬೇರೆ ಪಂಜರಕ್ಕೆ ಬಿಡಲು ಜಾಗ ನೋಡಿಕೊಂಡು, ಇದೇ ಡಬ್ಬವನ್ನು ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟಿರಿ.